ಏರಿಯ ಕೆಳಗಿನ ಮನೆ

ಅಮೆರಿಕದಲ್ಲಿ ಸ್ವಂತ ಜಮೀನಿನಲ್ಲಿ ಪುಟ್ಟದೊಂದು ಕೆರೆ ಇಟ್ಟುಕೊಂಡವರಿಗೆ ಯಾವತ್ತಾದರೂ ಒಂದು ದಿನ ರಾಜ್ಯದ ಅಣೆಕಟ್ಟು ಸುರಕ್ಷತಾ ಕಚೇರಿಯಿಂದ ಪತ್ರ ಬರಬಹುದು. ನಿಮ್ಮ ಅಣೆಕಟ್ಟಿನ ಅಪಾಯದ ದರ್ಜೆ ಇದುವರೆಗೆ ‘ಕಡಿಮೆ’ ಎಂದಿತ್ತು, ಇನ್ನು ಮುಂದೆ ‘ಹೆಚ್ಚು’ ಎಂಬುದು ಅದರ ಸಾರ. ಪತ್ರ ಓದಿದ ಮಾಲೀಕ ಮೊದಲು ಮಾಡುವ ಕೆಲಸ ಏರಿಯ ಮೇಲೆ ಹೋಗಿ ನೋಡುವುದು. ಬಿರುಕಿಲ್ಲ, ಒಸರಿಲ್ಲ, ಹುಲ್ಲು ಕತ್ತರಿಸಿದ ಹಾಗೇ ಇದೆ, ಹೆಚ್ಚಾದ ನೀರು ಹೊರಹೋಗುವ ಕೋಡಿ ಚೊಕ್ಕಟವಾಗಿದೆ. ಹೋದ ವರ್ಷ ಹೇಗಿತ್ತೋ ಹಾಗೇ ಇದೆ. ಹಾಗಾದರೆ ಹೆಚ್ಚಿದ್ದೇನು? ಅದು ಏರಿಯ ಮೇಲೆ ನಿಂತರೆ ಕಾಣುವುದಿಲ್ಲ. ಒಂದೂವರೆ ಕಿಲೋಮೀಟರ್ ಕೆಳಗೆ, ಹಳ್ಳದ ಮಗ್ಗುಲಲ್ಲಿ, ಯಾರೋ ಹೊಸದಾಗಿ ಮನೆ ಕಟ್ಟಿಕೊಂಡಿದ್ದಾರೆ. ಅಷ್ಟೇ ಆಗಿರುವುದು.

ಅಪಾಯದ ದರ್ಜೆ ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ‘ಹೆಚ್ಚು ಅಪಾಯ’ ಎಂದ ಕೂಡಲೇ ಏರಿ ಇವತ್ತೋ ನಾಳೆಯೋ ಒಡೆಯುತ್ತದೆ ಎಂದು ಕೇಳಿಸುತ್ತದೆ. ‘ಕಡಿಮೆ’ ಎಂದರೆ ಏರಿ ಗಟ್ಟಿಯಾಗಿದೆ ಎಂಬ ಸರ್ಟಿಫಿಕೇಟ್ ಸಿಕ್ಕಂತೆ. ಎರಡೂ ತಪ್ಪು. ದರ್ಜೆ ಕೇಳುವ ಪ್ರಶ್ನೆ ಒಂದೇ: ಈ ಏರಿ ಒಡೆದೇ ಒಡೆಯಿತು ಎಂದಿಟ್ಟುಕೊಂಡರೆ ಕೆಳಗೆ ಏನಾಗುತ್ತದೆ? ಒಡೆಯುವ ಸಾಧ್ಯತೆ ಎಷ್ಟು ಎಂಬ ಮಾತೇ ಅಲ್ಲಿ ಬರುವುದಿಲ್ಲ. ಒಂದು ಜೀವ ಹೋಗುವ ಸಂಭವವಿದ್ದರೂ ಅದು ‘ಹೆಚ್ಚು’. ಜೀವ ಹೋಗಲಿಕ್ಕಿಲ್ಲ, ಆದರೆ ಬೇರೆಯವರ ಆಸ್ತಿ, ರಸ್ತೆ, ವಿದ್ಯುತ್ ಅಥವಾ ನೀರಿನ ಲೈನು, ಪರಿಸರಕ್ಕೆ ಹಾನಿಯಾಗುತ್ತದೆ ಎಂದರೆ ‘ಗಣನೀಯ’. ನಷ್ಟವೆಲ್ಲ ಹೆಚ್ಚುಕಡಿಮೆ ಮಾಲೀಕನ ಜಮೀನಿನೊಳಗೇ ಮುಗಿಯುತ್ತದೆ ಎಂದರೆ ‘ಕಡಿಮೆ’. ನೂರು ಜನ ಸಾಯುವ ಏರಿಗೂ ಒಬ್ಬ ಸಾಯುವ ಏರಿಗೂ ಒಂದೇ ಹೆಸರು.

ಏರಿಯ ಆರೋಗ್ಯಕ್ಕೆ ಬೇರೆಯದೇ ಅಳತೆ ಇದೆ. ತಪಾಸಣೆ ಮಾಡಿದ ಎಂಜಿನಿಯರ್ ಅದನ್ನು ತೃಪ್ತಿಕರ, ಸಾಧಾರಣ, ಕಳಪೆ, ಅತೃಪ್ತಿಕರ ಎಂದು ಗುರುತಿಸುತ್ತಾರೆ. ಈ ಎರಡನ್ನೂ ಜೋಡಿಸಿ ಓದಬೇಕು. ‘ಹೆಚ್ಚು’ ದರ್ಜೆಯ, ತೃಪ್ತಿಕರ ಸ್ಥಿತಿಯ ಏರಿಯ ಕೆಳಗೆ ನಿಶ್ಚಿಂತೆಯಿಂದ ಮಲಗಬಹುದು. ‘ಕಡಿಮೆ’ ದರ್ಜೆಯ, ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಏರಿಯ ಕೆಳಗೆ ಒಂದು ಡೇರೆ ಹಾಕುವುದಕ್ಕೂ ಯೋಚಿಸಬೇಕು.

ದರ್ಜೆ ಕಡಿಮೆಯಾದಷ್ಟೂ ನೋಡುವವರು ಕಡಿಮೆ ಎಂಬುದೇ ಇಲ್ಲಿನ ತೊಡಕು. ಬಹುತೇಕ ರಾಜ್ಯಗಳಲ್ಲಿ ‘ಹೆಚ್ಚು’ ದರ್ಜೆಯವಕ್ಕೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ತಪಾಸಣೆ, ‘ಕಡಿಮೆ’ಯವಕ್ಕೆ ಐದು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ. ಟೆಕ್ಸಾಸ್‌ನಲ್ಲಿ 2013ರ ಕಾನೂನಿನ ಪ್ರಕಾರ, 500 ಎಕರೆ ಅಡಿಗಿಂತ (ಒಂದು ಎಕರೆ ಅಡಿ ಎಂದರೆ ಸುಮಾರು 1,233 ಘನ ಮೀಟರ್ ನೀರು) ಕಡಿಮೆ ನೀರು ಹಿಡಿಯುವ, ಹಳ್ಳಿಗಾಡಿನ ಖಾಸಗಿ ಅಣೆಕಟ್ಟುಗಳು ‘ಕಡಿಮೆ’ ಅಥವಾ ‘ಗಣನೀಯ’ ದರ್ಜೆಯವಾದರೆ ರಾಜ್ಯದ ಸುರಕ್ಷತಾ ನಿಯಮಗಳಿಂದಲೇ ಹೊರಗೆ. ರಾಷ್ಟ್ರೀಯ ಅಣೆಕಟ್ಟು ಪಟ್ಟಿಯಲ್ಲಿ ಈಗ 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರದು. ಆ ಪಟ್ಟಿಗೆ ಸೇರಲು ಎತ್ತರ 25 ಅಡಿ ಮುಟ್ಟಿ ಸಂಗ್ರಹ 15 ಎಕರೆ ಅಡಿ ದಾಟಿರಬೇಕು, ಇಲ್ಲವೇ ಎತ್ತರ 6 ಅಡಿ ದಾಟಿ ಸಂಗ್ರಹ 50 ಎಕರೆ ಅಡಿ ಮುಟ್ಟಿರಬೇಕು, ಅದೂ ಇಲ್ಲವೆಂದರೆ ದರ್ಜೆ ‘ಗಣನೀಯ’ ಅಥವಾ ‘ಹೆಚ್ಚು’ ಆಗಿರಬೇಕು.

ಈಗ 6 ಮೀಟರ್ ಎತ್ತರದ, 50,000 ಘನ ಮೀಟರ್ ನೀರು ಹಿಡಿಯುವ ಏರಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಡಿಯಲ್ಲಿ ಹೇಳಿದರೆ 20 ಅಡಿ ಎತ್ತರ, 40 ಎಕರೆ ಅಡಿ ಸಂಗ್ರಹ. ಗಾತ್ರದ ಎರಡೂ ಅಳತೆಗಳಿಂದ ಇದು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಕೆಳಗೆ ಯಾರಾದರೂ ಇದ್ದಾರೆ ಎಂದು ಯಾರಾದರೂ ಹೇಳುವ ತನಕ ರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರೇ ಇರುವುದಿಲ್ಲ. ನೋಡುವುದಕ್ಕೂ ಇದೊಂದು ದೊಡ್ಡ ಹೊಂಡ, ನಾಲ್ಕು ಬಾತುಕೋಳಿ, ಒಂದು ದೋಣಿ.

ಇದು ಒಡೆದರೆ ಎಷ್ಟು ನೀರು ನುಗ್ಗುತ್ತದೆ? ಹಿಂದೆ ಒಡೆದ ಏರಿಗಳ ದಾಖಲೆಯಿಂದ ಕಟ್ಟಿದ ಸೂತ್ರಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ರೋಲಿಕ್ ಎಂಬ ಎಂಜಿನಿಯರ್ 1995ರಲ್ಲಿ ಕೊಟ್ಟದ್ದು. ನೀರಿನ ಪರಿಮಾಣವನ್ನು 0.295ರ ಘಾತಕ್ಕೂ ನೀರಿನ ಎತ್ತರವನ್ನು 1.24ರ ಘಾತಕ್ಕೂ ಏರಿಸಿ, ಎರಡನ್ನೂ ಗುಣಿಸಿ, 0.607ರಿಂದ ಗುಣಿಸಿದರೆ ಗರಿಷ್ಠ ಹರಿವು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಬರುತ್ತದೆ. ನಮ್ಮ ಏರಿಗೆ ಅದು ಸುಮಾರು 136. ಇಂಥ ಸೂತ್ರಗಳ ಉತ್ತರ ಅರ್ಧವೂ ಆಗಬಹುದು, ದುಪ್ಪಟ್ಟೂ ಆಗಬಹುದು. ಹಾಗಾಗಿ ಕೊನೆಯ ಅಂಕಿಗೆ ಜೋತುಬೀಳಬಾರದು. ಆದರೂ ಅಳತೆ ಗೊತ್ತಾಗುತ್ತದೆ. 30 ಮೀಟರ್ ಅಗಲದ ಕಣಿವೆಯಲ್ಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಈ ನೀರು ಹರಿದರೆ ಆಳ 2 ಮೀಟರ್ ದಾಟುತ್ತದೆ. ಒಂದೂವರೆ ಕಿಲೋಮೀಟರ್ ಕೆಳಗಿನ ಮನೆಯನ್ನು ಹನ್ನೆರಡು ಹದಿಮೂರು ನಿಮಿಷದಲ್ಲಿ ಮುಟ್ಟುತ್ತದೆ. ರಾತ್ರಿ ಎರಡು ಗಂಟೆಗೆ ಹನ್ನೆರಡು ನಿಮಿಷ ಎಂದರೆ ಏನೂ ಅಲ್ಲ.

ಅದೇ ನೀರು 200 ಮೀಟರ್ ಅಗಲದ ಬಯಲಿಗೆ ಹರಡಿದರೆ ಆಳ ಮೊಣಕಾಲಿಗೆ ಇಳಿಯುತ್ತದೆ. ಕೆರೆ ಚಿಕ್ಕದಾದಷ್ಟೂ ಅಲೆ ಬೇಗ ಸೊರಗುತ್ತದೆ, ಏಕೆಂದರೆ ಹಿಂದಿನಿಂದ ತಳ್ಳುವುದಕ್ಕೆ ನೀರೇ ಉಳಿದಿರುವುದಿಲ್ಲ. ಆದ್ದರಿಂದ ಚಿಕ್ಕ ಏರಿಗಳ ದರ್ಜೆ ನಿಂತಿರುವುದು ಎತ್ತರದ ಮೇಲಲ್ಲ, ಕಣಿವೆಯ ಆಕಾರ, ಮನೆಯ ದೂರ, ಮನೆಯ ಹೊಸ್ತಿಲು ಹಳ್ಳದ ತಳಕ್ಕಿಂತ ಎಷ್ಟು ಮೇಲಿದೆ ಎಂಬ ಮೂರರ ಮೇಲೆ. ಹೊಸ್ತಿಲು ಒಂದು ಮೀಟರ್ ಮೇಲಿದ್ದಿದ್ದರೆ ದರ್ಜೆಯೇ ಬದಲಾಗುತ್ತಿರಲಿಲ್ಲ ಎಂಬ ಪ್ರಸಂಗಗಳಿವೆ. ಮೊಣಕಾಲುದ್ದದ ನೀರನ್ನೂ ಹಗುರವಾಗಿ ಎಣಿಸುವಂತಿಲ್ಲ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ, ಎರಡು ಅಡಿಗೆ ಹೆಚ್ಚಿನ ವಾಹನಗಳು ನಿಲ್ಲುವುದಿಲ್ಲ.

ಲೆಕ್ಕವನ್ನು ಎರಡು ಬಗೆಯಲ್ಲಿ ಹಾಕುತ್ತಾರೆ. ಒಂದು, ಬಿಸಿಲ ದಿನದ ಒಡೆತ: ಮಳೆಯಿಲ್ಲ, ಕೆರೆ ಎಂದಿನ ಮಟ್ಟದಲ್ಲಿದೆ, ನೀರು ಹೊರಬಿಡುವ ತೂಬಿನ ಪಕ್ಕದಲ್ಲಿ ಮಣ್ಣು ಕೊರೆದು ಏರಿ ಹೋಯಿತು. ಇನ್ನೊಂದು, ಮಹಾಮಳೆಯಲ್ಲಿ ಒಡೆಯುವುದು. ಎರಡನೆಯದರಲ್ಲಿ ಒಂದು ಸೂಕ್ಷ್ಮವಿದೆ. ಅಂಥ ಮಳೆಗೆ ಏರಿ ಒಡೆಯದಿದ್ದರೂ ಹಳ್ಳ ಉಕ್ಕಿ ಆ ಮನೆ ಮುಳುಗಿಯೇ ಮುಳುಗುತ್ತಿತ್ತು ಎನ್ನಿ, ಆಗ ಏರಿಯ ಪಾಲು ಎಷ್ಟು? ಒಡೆದಾಗಿನ ಮಟ್ಟಕ್ಕೂ ಒಡೆಯದಿದ್ದಾಗಿನ ಮಟ್ಟಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಏರಿಯ ತಲೆಗೆ ಕಟ್ಟುತ್ತಾರೆ. ಬಿಸಿಲ ದಿನದ ಒಡೆತಕ್ಕೆ ಈ ರಿಯಾಯಿತಿ ಇಲ್ಲ. ಕೆಳಗಿನವರಿಗೂ ಅದೇ ಹೆಚ್ಚು ಕ್ರೂರ. ಮಳೆ ಬಂದಾಗ ಜನ ಎಚ್ಚರವಾಗಿರುತ್ತಾರೆ, ಬಿಸಿಲಲ್ಲಿ ಹಳ್ಳದ ಕಡೆ ಯಾರು ನೋಡುತ್ತಾರೆ?

1982ರ ಜುಲೈ 15ರ ಬೆಳಿಗ್ಗೆ ಕೊಲೊರಾಡೋದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಒಡೆದ ಲಾನ್ ಲೇಕ್ ಅಣೆಕಟ್ಟು ಅಂಥದ್ದು. ಎತ್ತರ 26 ಅಡಿ, ಮಣ್ಣಿನದು, ಒಂದು ನೀರಾವರಿ ಕಂಪನಿಯ ಸ್ವತ್ತು, 1903ರಲ್ಲಿ ಕಟ್ಟಿದ್ದು. ತೂಬಿನ ಕೊಳವೆಯೂ ಅದರ ಗೇಟೂ ಸೇರುವ ಜಾಗದಲ್ಲಿ ತುಂಬಿದ್ದ ಸೀಸ ಸವೆದಿತ್ತು. ಅಲ್ಲಿಂದ ಒತ್ತಡದ ನೀರು ಮಣ್ಣಿಗೆ ನುಗ್ಗಿ ಏರಿಯನ್ನು ಒಳಗಿನಿಂದ ತಿಂದುಹಾಕಿತು. ಸುಮಾರು 8,30,000 ಘನ ಮೀಟರ್ ನೀರು ಕೆಳಗಿಳಿಯಿತು, ದಾರಿಯಲ್ಲಿದ್ದ ಇನ್ನೊಂದು ಕಾಂಕ್ರೀಟ್ ಕಟ್ಟೆಯನ್ನೂ ಉರುಳಿಸಿತು. ಸತ್ತವರು ಮೂವರು, ಮೂವರೂ ಡೇರೆ ಹಾಕಿಕೊಂಡು ಬೀಡುಬಿಟ್ಟಿದ್ದವರು. ದರ್ಜೆ ನಿರ್ಧರಿಸಲು ನಕ್ಷೆಯಲ್ಲಿ ಮನೆಗಳನ್ನಷ್ಟೇ ಎಣಿಸುವವರಿಗೆ ಇದು ನೆನಪಿರಬೇಕು. ಡೇರೆಗೆ ವಿಳಾಸವಿರುವುದಿಲ್ಲ. ಮೀನು ಹಿಡಿಯುವವರು, ಹಳ್ಳ ದಾಟುವ ರಸ್ತೆಯ ಮೇಲಿನ ವಾಹನ, ವಾರಾಂತ್ಯಕ್ಕೆ ಬಂದು ನಿಲ್ಲುವ ಟ್ರೇಲರ್ ಇವೆಲ್ಲ ಲೆಕ್ಕಕ್ಕೆ ಬರಬೇಕು.

ಹವಾಯಿಯ ಕವಾಯ್ ದ್ವೀಪದ ಕಾ ಲೋಕೋ ಅಣೆಕಟ್ಟಿನ ಕಥೆ ಇನ್ನೂ ಕಹಿ. ಕಬ್ಬಿನ ತೋಟಕ್ಕೆಂದು 1890ರ ಸುಮಾರಿಗೆ ಕಟ್ಟಿದ ಮಣ್ಣಿನ ಏರಿ, ಖಾಸಗಿ ಜಮೀನು, ಪಟ್ಟಿಯಲ್ಲಿ ‘ಕಡಿಮೆ’ ದರ್ಜೆ. ವಾರಗಟ್ಟಲೆ ಸುರಿದ ಮಳೆಯ ನಂತರ 2006ರ ಮಾರ್ಚ್ 14ರಂದು ಬೆಳಕು ಹರಿಯುವ ಮುನ್ನ ಒಡೆಯಿತು. ಏಳು ಜನ ಸತ್ತರು. ತನಿಖೆಯಲ್ಲಿ ಮುಖ್ಯವಾಗಿ ಎದ್ದ ಪ್ರಶ್ನೆ ಕೋಡಿ ಎಲ್ಲಿ ಹೋಯಿತು ಎಂಬುದು. ಕೋಡಿಯನ್ನು ಮಣ್ಣು ತುಂಬಿ ಮುಚ್ಚಿದ್ದರಿಂದ ನೀರು ಏರಿಯ ನೆತ್ತಿ ದಾಟಿರಬೇಕು ಎಂಬುದು ತನಿಖೆಯ ನಿಲುವು. ಹಾಳೆಯ ಮೇಲೆ ‘ಕಡಿಮೆ’ ಎಂಬ ಒಂದು ಪದವಿತ್ತು, ರಾಜ್ಯದ ಎಂಜಿನಿಯರ್ ಆ ಏರಿಯನ್ನು ತಪಾಸಣೆ ಮಾಡಿರಲಿಲ್ಲ. ತಗ್ಗಿನಲ್ಲಿ ಮನೆಗಳಿದ್ದವು, ಮನೆಗಳಲ್ಲಿ ಜನರಿದ್ದರು. ಹಾಳೆಗೆ ಅದು ಗೊತ್ತಿರಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಮಿಷಿಗನ್‌ನ ಈಡನ್‌ವಿಲ್ ಅಣೆಕಟ್ಟು ಖಾಸಗಿ ಕಂಪನಿಯದೇ, ಆದರೆ ಚಿಕ್ಕದಲ್ಲ. ‘ಹೆಚ್ಚು’ ದರ್ಜೆಯಲ್ಲಿತ್ತು. ಕೋಡಿಯ ಸಾಮರ್ಥ್ಯ ಸಾಲದು ಎಂದು ಒಕ್ಕೂಟ ಸರ್ಕಾರದ ನಿಯಂತ್ರಣ ಸಂಸ್ಥೆ 2018ರಲ್ಲೇ ಅದರ ವಿದ್ಯುತ್ ಪರವಾನಗಿ ರದ್ದು ಮಾಡಿತ್ತು. 2020ರ ಮೇ 19ರಂದು ಅದು ಒಡೆಯಿತು, ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟನ್ನೂ ಕೆಡವಿತು. ಸುಮಾರು 10,000 ಜನರನ್ನು ಸ್ಥಳಾಂತರಿಸಲಾಗಿತ್ತು, ಒಬ್ಬರೂ ಸಾಯಲಿಲ್ಲ. ದರ್ಜೆ ಏರಿಯನ್ನು ಉಳಿಸಲಿಲ್ಲ. ಯಾರನ್ನು ಎಬ್ಬಿಸಬೇಕು ಎಂಬುದು ಮಾತ್ರ ಮೊದಲೇ ಗೊತ್ತಿತ್ತು.

ದರ್ಜೆ ಏರಿದ ಮೇಲೆ ಮಾಲೀಕನ ಮೇಲೆ ಬೀಳುವ ಮೊದಲ ಹೊರೆ ಕೋಡಿಯದು. ‘ಕಡಿಮೆ’ ದರ್ಜೆಯ ಏರಿ ಸಾಮಾನ್ಯವಾಗಿ ನೂರು ವರ್ಷಕ್ಕೊಮ್ಮೆ ಬರುವಂಥ ನೆರೆಯನ್ನು ದಾಟಿಸಿದರೆ ಸಾಕು. ‘ಹೆಚ್ಚು’ ಎಂದಾದ ಕೂಡಲೇ ಆ ಪ್ರದೇಶದಲ್ಲಿ ಊಹಿಸಬಹುದಾದ ಅತಿ ದೊಡ್ಡ ನೆರೆಯನ್ನೋ ಅದರ ದೊಡ್ಡ ಪಾಲನ್ನೋ ದಾಟಿಸಬೇಕಾಗುತ್ತದೆ. ಅಗಲ ಕಟ್ಟೆಯಂಥ ಕೋಡಿಗೆ ಸರಳ ಲೆಕ್ಕವಿದು: ಅಗಲ, ಅದರ ಮೇಲೆ ಹರಿಯುವ ನೀರಿನ ಎತ್ತರದ ಒಂದೂವರೆ ಘಾತ, ಎರಡನ್ನೂ 1.7ರಿಂದ ಗುಣಿಸಬೇಕು. 6 ಮೀಟರ್ ಅಗಲದ ಕೋಡಿಯ ಮೇಲೆ 0.9 ಮೀಟರ್ ನೀರು ಏರಿದರೆ ಸೆಕೆಂಡಿಗೆ ಸುಮಾರು 8.7 ಘನ ಮೀಟರ್ ಹೋಗುತ್ತದೆ. ಹೊಸ ಲೆಕ್ಕದಲ್ಲಿ 40 ಹೋಗಬೇಕು ಎಂದು ಬಂದರೆ ಅಗಲ 27 ಮೀಟರ್ ದಾಟಬೇಕು. ಎಷ್ಟೋ ಏರಿಗಳಲ್ಲಿ ಅಷ್ಟು ಅಗಲಕ್ಕೆ ಪಕ್ಕದ ಗುಡ್ಡವನ್ನೇ ಕಡಿಯಬೇಕು.

ಇದೇ ಸೂತ್ರವನ್ನು ತಿರುವಿ ಹಾಕಿದರೆ ಇನ್ನೊಂದು ಸತ್ಯ ಸಿಗುತ್ತದೆ. ಮೀನು ಹೊರಗೆ ಹೋಗದಿರಲಿ ಎಂದು ಕೋಡಿಗೆ ಜಾಲರಿ ಕಟ್ಟಿದ್ದಾರೆ, ಅದಕ್ಕೆ ಕಸಕಡ್ಡಿ ಸಿಕ್ಕಿ ತಳದ 30 ಸೆಂಟಿಮೀಟರ್ ಮುಚ್ಚಿಹೋಗಿದೆ ಎಂದಿಟ್ಟುಕೊಳ್ಳಿ. 0.9ರಲ್ಲಿ ಉಳಿದದ್ದು 0.6 ಮೀಟರ್. ಹರಿವು 8.7ರಿಂದ 4.7ಕ್ಕೆ ಇಳಿಯುತ್ತದೆ. ಎತ್ತರದಲ್ಲಿ ಹೋದದ್ದು ಮೂರನೇ ಒಂದು, ಸಾಮರ್ಥ್ಯದಲ್ಲಿ ಹೋದದ್ದು ಹತ್ತಿರ ಹತ್ತಿರ ಅರ್ಧ. ಏರಿಯ ನೆತ್ತಿ ತಗ್ಗಿದರೂ ಇದೇ ನಷ್ಟ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಏರಿಯನ್ನು ಶ್ರೀಮಂತರ ಬೇಟೆ ಮತ್ತು ಮೀನುಗಾರಿಕೆಯ ಕ್ಲಬ್ಬೊಂದು ಇಟ್ಟುಕೊಂಡಿತ್ತು. ಗಾಡಿ ಓಡಾಡಲಿ ಎಂದು ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದ್ದರು, ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ತಳದ ಕೊಳವೆಗಳನ್ನು ಅದಕ್ಕೂ ಹಿಂದೆಯೇ ಕಿತ್ತು ಮಾರಿಯಾಗಿತ್ತು. 1889ರ ಮೇ 31ರಂದು ಅದು ಒಡೆದು ಜಾನ್ಸ್‌ಟೌನ್‌ನಲ್ಲಿ 2,209 ಜನ ಸತ್ತರು. ಖಾಸಗಿ ಕೆರೆಗಳ ಕೋಡಿಯಲ್ಲಿ ಮೀನಿನ ಜಾಲರಿ ಇವತ್ತಿಗೂ ಕಾಣಿಸುತ್ತದೆ. ಮೀನಿನ ಮೇಲಿನ ಮೋಹ ಬಹಳ ಗಟ್ಟಿ.

ನೀರು ನೆತ್ತಿ ದಾಟಿದರೆ ಮಣ್ಣಿನ ಏರಿ ಮೇಲಿನಿಂದ ಕರಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಕೊರೆತ ಶುರುವಾಗುವುದು ಹೊರಮೈಯಲ್ಲಿ, ಹೆಚ್ಚಾಗಿ ಬುಡದ ಬಳಿ. ಅಲ್ಲೊಂದು ಮೆಟ್ಟಿಲು ಕಡಿದು, ಆ ಮೆಟ್ಟಿಲು ಹಿಂದಹಿಂದಕ್ಕೆ ಸರಿಯುತ್ತಾ ನೆತ್ತಿಯನ್ನು ಮುಟ್ಟಿದಾಗ ಕೆರೆಗೆ ಬಾಗಿಲು ತೆರೆಯುತ್ತದೆ. ನೆತ್ತಿ ಸಮತಟ್ಟಾಗಿದ್ದು ತೆಳ್ಳಗೆ ಎಲ್ಲ ಕಡೆ ಹರಿದರೆ ಒಳ್ಳೆಯ ಹುಲ್ಲುಹಾಸು ಒಂದಷ್ಟು ಹೊತ್ತು ತಡೆಯುತ್ತದೆ. ನಡುವೆ 15 ಸೆಂಟಿಮೀಟರ್ ತಗ್ಗಿದ್ದರೆ ನೀರೆಲ್ಲ ಅಲ್ಲೇ ಕೂಡಿ ಅಲ್ಲೇ ಕಡಿಯುತ್ತದೆ. ಏರಿ ಅತಿ ಎತ್ತರವಿರುವ ನಡುಭಾಗದಲ್ಲೇ ಮಣ್ಣು ಹೆಚ್ಚು ಕುಳಿತಿರುತ್ತದೆ, ವಾಹನ ಓಡಾಡಿ ಚಕ್ರದ ಜಾಡೂ ಅಲ್ಲೇ ಬಿದ್ದಿರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಲೆವೆಲ್ ಯಂತ್ರ ಇಟ್ಟು ನೆತ್ತಿಯ ಉದ್ದಕ್ಕೂ 10 ಮೀಟರಿಗೊಂದು ಅಳತೆ ತೆಗೆದು ತಗ್ಗು ತುಂಬಿಸುವುದಕ್ಕಿಂತ ಅಗ್ಗದ ವಿಮೆ ಇಲ್ಲ.

ನೆತ್ತಿ ದಾಟುವುದು ಬಿಟ್ಟರೆ ಉಳಿದದ್ದು ಬಹುಪಾಲು ಒಳಗಿನ ಕೊರೆತ. ಅದರ ಮನೆ ತೂಬಿನ ಕೊಳವೆ. ಚಿಕ್ಕ ಏರಿಗಳಲ್ಲಿ ಅಲೆಅಲೆಯಾದ ಕಬ್ಬಿಣದ ತಗಡಿನ ಕೊಳವೆಯೇ ಹೆಚ್ಚು. ಅದರ ಆಯುಷ್ಯ ಮಣ್ಣು ನೀರುಗಳ ಗುಣ ನೋಡಿಕೊಂಡು 25ರಿಂದ 50 ವರ್ಷ. 1960ರ ದಶಕದಲ್ಲಿ ಹೂತ ಕೊಳವೆ ಇಂದಿಗೂ ಮಣ್ಣೊಳಗೆ ಇದೆ ಎಂದರೆ ಮುಗಿದುಹೋದ ಆಯುಷ್ಯದ ಮೇಲೆ ಬದುಕುತ್ತಿದೆ ಎಂದರ್ಥ. ಮೊದಲು ತಳದ ಗೆರೆ ತುಕ್ಕು ಹಿಡಿದು ತೂತಾಗುತ್ತದೆ. ಕೊಳವೆಯ ದುಂಡು ಹೊಟ್ಟೆಯ ಕೆಳಗೆ ಎರಡೂ ಬದಿಗೆ ಮಣ್ಣನ್ನು ಗಟ್ಟಿಸುವುದು ಕಟ್ಟುವಾಗಲೇ ಕಷ್ಟ, ಅಲ್ಲಿ ಮಣ್ಣು ಸಡಿಲ. ತೂತಿನಿಂದ ಆ ಮಣ್ಣು ಒಳಗೆ ಸೋರುತ್ತಾ ಹೋಗಿ ಮೇಲೆ ಟೊಳ್ಳಾಗುತ್ತದೆ. ಒಂದು ದಿನ ಏರಿಯ ಮೇಲೆ ಬಕೆಟ್ ಗಾತ್ರದ ಗುಂಡಿ ಬೀಳುತ್ತದೆ. ಮಾಲೀಕ ಅದಕ್ಕೆ ಒಂದು ಗಾಡಿ ಮಣ್ಣು ಸುರಿದು ಕೈ ತೊಳೆದುಕೊಳ್ಳುತ್ತಾನೆ. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಗುಂಡಿ. ಗುಂಡಿಯಿಂದ ನೇರ ಕೆಳಗೆ ಗೆರೆ ಎಳೆದರೆ ಕೊಳವೆ ಸಿಗುತ್ತದೆ ಎಂದಾದರೆ ಮಣ್ಣು ಸುರಿಯುವುದನ್ನು ಬಿಟ್ಟು ಎಂಜಿನಿಯರ್‌ಗೆ ಫೋನ್ ಮಾಡಬೇಕು.

ಗೇಟು ಎಲ್ಲಿದೆ ಎಂಬುದೂ ಮುಖ್ಯ. ನೀರಿನ ಕಡೆ ಇದ್ದರೆ ಮುಚ್ಚಿದಾಗ ಕೊಳವೆ ಖಾಲಿ. ಹೊರಗಿನ ತುದಿಯಲ್ಲಿದ್ದರೆ ಇಡೀ ಕೊಳವೆ ಕೆರೆಯ ಒತ್ತಡದಲ್ಲಿ ತುಂಬಿ ನಿಂತಿರುತ್ತದೆ, ಒಂದು ಕೀಲು ಬಿಟ್ಟರೂ ನೀರು ಏರಿಯ ಹೊಟ್ಟೆಗೆ. ದುರಸ್ತಿಗೆ ಮೊದಲು ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು. ಆಕಾರ ಕೆಟ್ಟಿಲ್ಲವಾದರೆ ಒಳಗೊಂದು ಪಾಲಿಥಿಲೀನ್ ಕೊಳವೆ ತೂರಿಸಿ ಎರಡರ ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬುವುದು ವಾಡಿಕೆ. ಕೊಳವೆ ಸಣ್ಣದಾಗುವುದರಿಂದ ಹರಿವಿನ ಲೆಕ್ಕ ಮತ್ತೆ ಹಾಕಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಹಳೆಯ ಕೊಳವೆಯ ಹೊರಗಿನ ಸಡಿಲ ಮಣ್ಣು ಹಾಗೇ ಉಳಿದಿರುತ್ತದೆ. ಹೊರತುದಿಯ ಕಡೆಯ ಭಾಗದಲ್ಲಿ ಕೊಳವೆಯನ್ನು ಸುತ್ತುವರಿದು ಮರಳಿನ ಸೋಸುಪದರ ಹಾಕಿದಾಗ ಮಾತ್ರ ನೀರು ಹೋದರೂ ಮಣ್ಣು ಹೋಗುವುದಿಲ್ಲ. ಹಿಂದೆ ಕೊಳವೆಗೆ ಕಾಂಕ್ರೀಟಿನ ಕೊರಳಪಟ್ಟಿಗಳನ್ನು ಕೂರಿಸುತ್ತಿದ್ದರು, ನೀರಿನ ದಾರಿ ಉದ್ದವಾಗಲಿ ಎಂದು. ಆ ಪಟ್ಟಿಗಳ ಮೂಲೆಯಲ್ಲಿ ರೋಲರ್ ತಿರುಗುವುದಿಲ್ಲ, ಮಣ್ಣು ಇನ್ನಷ್ಟು ಸಡಿಲ ಉಳಿಯುತ್ತದೆ. 1980ರ ದಶಕದಿಂದೀಚೆಗೆ ಆ ಪದ್ಧತಿ ಹಿಂದೆ ಸರಿದು ಸೋಸುಪದರ ಅದರ ಜಾಗಕ್ಕೆ ಬಂದಿದೆ.

ಒಸರು ಕಂಡ ಮಾತ್ರಕ್ಕೆ ಗಾಬರಿ ಬೇಡ. ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ಜಿನುಗುತ್ತದೆ. ನೋಡಬೇಕಾದ್ದು ಮೂರು: ಹೆಚ್ಚುತ್ತಿದೆಯೇ, ಕದಡಿದೆಯೇ, ಜಾಗ ಬದಲಿಸುತ್ತಿದೆಯೇ. ಕಣ್ಣಳತೆ ನಂಬಬಾರದು. ಬುಡದಲ್ಲಿ ಒಸರನ್ನು ಒಂದು ಕಾಲುವೆಗೆ ಕೂಡಿಸಿ, 90 ಡಿಗ್ರಿಯ ವಿ ಆಕಾರದ ಕಚ್ಚು ಕೊರೆದ ತಗಡನ್ನು ಅಡ್ಡ ನಿಲ್ಲಿಸಿದರೆ ಸಾಕು. ಕಚ್ಚಿನ ತುದಿಯಿಂದ ನೀರು 5 ಸೆಂಟಿಮೀಟರ್ ಎತ್ತರವಿದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್, 10 ಇದ್ದರೆ ಸುಮಾರು 4.4 ಲೀಟರ್. ಎತ್ತರ ದುಪ್ಪಟ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಹೆಚ್ಚು, ಹಾಗಾಗಿ ಸಣ್ಣ ಬದಲಾವಣೆಯೂ ಕಾಣುತ್ತದೆ. ಅದೇ ದಿನದ ಕೆರೆಯ ಮಟ್ಟವನ್ನೂ ಹಿಂದಿನ ವಾರದ ಮಳೆಯನ್ನೂ ಪಕ್ಕದಲ್ಲಿ ಬರೆದಿಡಬೇಕು, ಇಲ್ಲದಿದ್ದರೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದಿಟ್ಟು ಮರುದಿನ ತಳ ನೋಡಿ. ಮಣ್ಣು ಕುಳಿತಿದ್ದರೆ ಅದು ಏರಿಯ ಮಣ್ಣು.

ಕದಡಿದ ನೀರು ಬಂದ ಮೇಲೆ ಕೈಯಲ್ಲಿರುವ ಸಮಯ ಬಹಳ ಕಡಿಮೆ. ಐಡಾಹೋ ರಾಜ್ಯದ, 90 ಮೀಟರಿಗೂ ಎತ್ತರದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕದಡಿದ ಒಸರು ತೋರಿಸಿತು, ಮಧ್ಯಾಹ್ನ ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಒಡೆದುಹೋಯಿತು. ಆರು ಮೀಟರಿನ ಏರಿಯಲ್ಲಿ ನೀರು ದಾಟಬೇಕಾದ ಮಣ್ಣಿನ ದಪ್ಪವೇ ಟೀಟನ್‌ನ ದಪ್ಪದ ಒಂದು ಚೂರು. ಮಣ್ಣನ್ನು ಹೊತ್ತು ಬುಗ್ಗೆಯಂತೆ ಚಿಮ್ಮುವ ಒಸರಿಗೆ ಮಣ್ಣು ಮೆತ್ತಿ ಮುಚ್ಚುವುದು ಅತಿ ದೊಡ್ಡ ತಪ್ಪು. ನೀರು ಬೇರೆ ಕಡೆ ಬಾಯಿ ತೆರೆಯುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು: ಮೊದಲು ಒರಟು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಕಲ್ಲು. ಜೊತೆಗೆ ಕೆರೆಯ ಮಟ್ಟ ಇಳಿಸಬೇಕು. ಸಾಮಾನ್ಯ ದಿನಗಳಲ್ಲಿ ದಿನಕ್ಕೆ 30 ಸೆಂಟಿಮೀಟರಿಗಿಂತ ಬೇಗ ಇಳಿಸಿದರೆ, ನೆನೆದ ಒಳಮೈ ನೀರಿನ ಆಸರೆ ತಪ್ಪಿ ಜಾರಬಹುದು. ಏರಿಯೇ ಹೋಗುವ ಹೊತ್ತಿನಲ್ಲಿ ಆ ಎಚ್ಚರಿಕೆಯನ್ನು ಬದಿಗಿಡಬೇಕಾಗುತ್ತದೆ. ತೂಬಿನ ಗೇಟು ತಿರುಗಿಸಿ ಹತ್ತು ವರ್ಷವಾಗಿದ್ದರೆ ಮಾತ್ರ ಈ ಯಾವ ಮಾತಿಗೂ ಅರ್ಥವಿಲ್ಲ. ವರ್ಷಕ್ಕೊಮ್ಮೆ ಪೂರ್ತಿ ತೆರೆದು ಮುಚ್ಚಿ ನೋಡಲೇಬೇಕು.

ಮರಗಳ ವಿಷಯದಲ್ಲಿ ಮಾಲೀಕರೂ ಎಂಜಿನಿಯರ್‌ಗಳೂ ಜಗಳವಾಡದ ಊರಿಲ್ಲ. ಏರಿಗೆ ನೆರಳಿನ ಸಾಲು ಚಂದ ಕಾಣುತ್ತದೆ, ನಿಜ. ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂಬ ವಾದವೂ ಕೇಳಿಬರುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಕೊಳವೆಯಾಗುತ್ತದೆ, ಬಿರುಗಾಳಿಗೆ ಬುಡಮೇಲಾದರೆ ಬೇರಿನ ಗಡ್ಡೆಯ ಜೊತೆ ಏರಿಯ ತುಂಡೇ ಎದ್ದು ಬರುತ್ತದೆ, ಪೊದೆಯ ಮರೆಯಲ್ಲಿ ಬಿಲ ತೋಡುವ ಪ್ರಾಣಿಗಳು ಬಿಡಾರ ಹೂಡುತ್ತವೆ, ಒಸರು ಕಣ್ಣಿಗೇ ಬೀಳುವುದಿಲ್ಲ. ಏರಿಯ ಮೇಲೂ ಬುಡದಿಂದಾಚೆ 7-8 ಮೀಟರ್ ದೂರದವರೆಗೂ ಹುಲ್ಲು ಬಿಟ್ಟು ಬೇರೇನೂ ಇರಬಾರದು. ಆಗಲೇ ಬೆಳೆದು ನಿಂತ ದೊಡ್ಡ ಮರವನ್ನು ಸುಮ್ಮನೆ ಕಡಿದು ಬಿಡುವುದು ಪರಿಹಾರವಲ್ಲ. ಕೆರೆ ಇಳಿಸಿ, ಬೊಡ್ಡೆ ಮತ್ತು ದಪ್ಪ ಬೇರುಗಳನ್ನು ಅಗೆದು ತೆಗೆದು, ಗುಂಡಿಯ ಗೋಡೆಗಳನ್ನು ಇಳಿಜಾರು ಮಾಡಿ, ಅದೇ ಬಗೆಯ ಮಣ್ಣನ್ನು ತೆಳು ಪದರಗಳಲ್ಲಿ ಹಾಕಿ ಗಟ್ಟಿಸಬೇಕು.

ಇಷ್ಟೆಲ್ಲ ಖರ್ಚಿನ ಎದುರು ನಿಂತ ಮಾಲೀಕನಿಗೆ ದಾರಿಗಳು ನಾಲ್ಕಾರಿವೆ. ಕೋಡಿ ಅಗಲಿಸಬಹುದು. ಕಾಂಕ್ರೀಟ್ ಬ್ಲಾಕ್ ಅಥವಾ ರೋಲರ್ ಹೊಡೆದ ಕಾಂಕ್ರೀಟಿನಿಂದ ಹೊರಮೈಗೆ ಕವಚ ಹೊದಿಸಿ, ನೆತ್ತಿ ದಾಟಿದರೂ ಕೊರೆಯದಂತೆ ಮಾಡಬಹುದು. ಕೆಳಗಿನ ಒಂದೇ ಮನೆಯಿಂದ ದರ್ಜೆ ಏರಿದ್ದರೆ ಆ ಮನೆಯನ್ನೇ ಕೊಂಡುಬಿಡುವುದು ಕೆಲವೊಮ್ಮೆ ಅಗ್ಗ. ಕೆರೆಯ ಮಟ್ಟವನ್ನು ಕಾಯಂ ಆಗಿ ಇಳಿಸಿ, ಏರಿ ಒಡೆದರೆ ನೀರು ಎಲ್ಲೆಲ್ಲಿ ಹರಡುತ್ತದೆ ಎಂದು ತೋರಿಸುವ ಮುಳುಗಡೆ ನಕ್ಷೆಯನ್ನು ಹೊಸದಾಗಿ ಮಾಡಿಸಿ ದರ್ಜೆ ಇಳಿಸಲು ಅರ್ಜಿ ಹಾಕಬಹುದು. ಸುಮ್ಮನೆ ತಕರಾರು ಬರೆಯುವುದರಿಂದ ಏನೂ ಆಗುವುದಿಲ್ಲ, ಲೆಕ್ಕಕ್ಕೆ ಲೆಕ್ಕವೇ ಉತ್ತರ. ಕೆಲವು ಸಲ ಕಚೇರಿ ಬಳಸಿದ ಒರಟು ಭೂಪಟದಲ್ಲಿ ಹೊಸ್ತಿಲಿನ ಮಟ್ಟ ತಪ್ಪಾಗಿದ್ದು, ಸ್ಥಳದಲ್ಲಿ ಸರ್ವೆ ಮಾಡಿಸಿದಾಗ ದರ್ಜೆ ವಾಪಸ್ ಇಳಿದದ್ದೂ ಉಂಟು.

ಕೊನೆಯ ದಾರಿ ಏರಿಯನ್ನು ಬೇಕೆಂದೇ ಒಡೆಯುವುದು. ಹಿಟಾಚಿ ತಂದು ನಡುವೆ ಒಂದು ಸೀಳು ತೆಗೆದರೆ ಮುಗಿಯಲಿಲ್ಲ. ಮೊದಲು ಅನುಮತಿ ಬೇಕು, ಆಮೇಲೆ ನೀರನ್ನು ನಿಧಾನವಾಗಿ ಇಳಿಸಬೇಕು. ಹಳ್ಳದ ಮೂಲ ತಳದವರೆಗೂ ಕಡಿಯಬೇಕು, ಬದಿಗಳು ಜಾರದಷ್ಟು ಇಳಿಜಾರಾಗಿರಬೇಕು, ಮುಂದಿನ ನೆರೆಯಲ್ಲಿ ಅದು ಮತ್ತೆ ಅಣೆಕಟ್ಟಾಗದಷ್ಟು ಅಗಲವಿರಬೇಕು. ದಶಕಗಳ ಹೂಳು ಮೇಲಿನ ಅಂಗಳದಲ್ಲಿ ಕಾದಿರುತ್ತದೆ. ಮೊದಲ ಮಳೆಗೇ ಅದು ಕೆಳಗಿನವರ ಹೊಲ ಸೇರಿದರೆ ಇನ್ನೊಂದು ದಾವೆ.

ಏರಿಯನ್ನು ಉಳಿಸಿಕೊಳ್ಳುವವರಿಗೆ ‘ಹೆಚ್ಚು’ ದರ್ಜೆಯ ಜೊತೆ ತುರ್ತು ಯೋಜನೆ ಬರೆಯುವುದೂ ಬರುತ್ತದೆ. ಅದರ ತಿರುಳು ಒಂದು ನಕ್ಷೆ ಮತ್ತು ಒಂದು ಫೋನ್ ಪಟ್ಟಿ. ಏನು ಕಂಡರೆ ಯಾವ ಹಂತ, ಯಾವ ಹಂತಕ್ಕೆ ಯಾರು ಯಾರಿಗೆ ಫೋನ್ ಮಾಡಬೇಕು, ನೀರು ಎಷ್ಟು ನಿಮಿಷಕ್ಕೆ ಎಲ್ಲಿ ಮುಟ್ಟುತ್ತದೆ, ಯಾವ ರಸ್ತೆ ಮೊದಲು ಮುಚ್ಚಬೇಕು. ಹೆಚ್ಚಿನ ಯೋಜನೆಗಳು ಕಪಾಟಿನಲ್ಲೇ ಹಳಸುತ್ತವೆ. ಪಟ್ಟಿಯಲ್ಲಿದ್ದ ಪೊಲೀಸ್ ಅಧಿಕಾರಿ ನಿವೃತ್ತರಾಗಿರುತ್ತಾರೆ, ಮೂರನೇ ಮನೆಯವರು ನಂಬರ್ ಬದಲಿಸಿರುತ್ತಾರೆ. ವರ್ಷಕ್ಕೊಂದು ದಿನ ಕುಳಿತು ಅಷ್ಟೂ ನಂಬರಿಗೆ ಫೋನ್ ಮಾಡಿದರೆ ಒಂದು ಗಂಟೆಯ ಕೆಲಸ.

ಅದೇ ದಿನ ಇನ್ನೊಂದು ಕೆಲಸವನ್ನೂ ಮುಗಿಸಬಹುದು. ತಪಾಸಣೆ ಎಂದರೆ ಮಾಲೀಕರು ಏರಿಯ ಬುಡದ ತನಕ ಹೋಗಿ ತಿರುಗಿ ಬರುತ್ತಾರೆ. ಅಲ್ಲಿಂದ ಮುಂದಕ್ಕೆ ಹಳ್ಳದ ಗುಂಟ ಎರಡು ಮೂರು ಕಿಲೋಮೀಟರ್ ರಸ್ತೆಯಲ್ಲಾದರೂ ಹೋಗಿ ನೋಡಬೇಕು. ಹೊಸ ಪಾಯ ತೋಡಿದ್ದಾರೆಯೇ, ತಗ್ಗಿನಲ್ಲಿ ಟ್ರೇಲರ್ ಬಂದು ನಿಂತಿದೆಯೇ, ಮೀನುಗಾರರು ಬೆಂಕಿ ಹಾಕಿದ ಗುರುತಿದೆಯೇ, ರಸ್ತೆಯ ಮೋರಿಯನ್ನು ಸಣ್ಣದು ಮಾಡಿ ಕಣಿವೆಗೆ ಅಡ್ಡಗಟ್ಟಿದ್ದಾರೆಯೇ. ಮನೆ ಕಟ್ಟುವವರು ಏರಿಯ ಮಾಲೀಕನನ್ನು ಕೇಳಿ ಕಟ್ಟುವುದಿಲ್ಲ, ಪರವಾನಗಿ ಕೊಡುವ ಕಚೇರಿಗೆ ಮೇಲೊಂದು ಕೆರೆ ಇದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ರಾಜ್ಯದ ಎಂಜಿನಿಯರ್ ಮುಂದಿನ ಸರದಿಗೆ ಬರುವುದು ಇನ್ನು ನಾಲ್ಕೋ ಐದೋ ವರ್ಷಕ್ಕೆ. ಪಾಯ ತೋಡಿದ ತಿಂಗಳೇ ಹೋಗಿ ಆ ಮನೆಯವರಿಗೆ ಮುಳುಗಡೆ ನಕ್ಷೆ ತೋರಿಸಿದರೆ ಹೊಸ್ತಿಲನ್ನು ಒಂದು ಮೀಟರ್ ಎತ್ತರಿಸಿಕೊಳ್ಳಲು ಅವರಿಗೆ ಇನ್ನೂ ಸಮಯವಿರುತ್ತದೆ.